ಕೆಚ್ಚಲ ಉಣ್ಣೆ ಮೊಟ್ಟೆ ಕಟ್ಟುವ ಬಗೆ

ಕೆಚ್ಚಲಿಗೆ ಕಚ್ಚಿದ ಉಣ್ಣೆಗೆ ಹಾಲಿನ ರುಚಿ ಗೊತ್ತಿಲ್ಲ ಅನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಪಕ್ಕದಲ್ಲೇ ಹಾಲಿದ್ದರೂ ರಕ್ತ ಕುಡಿಯುತ್ತದಲ್ಲ ಅಂತ ಅದನ್ನು ಹೀಯಾಳಿಸುತ್ತೇವೆ. ಇವತ್ತು ನಾನು ಉಣ್ಣೆಯ ಪರ ಸ್ವಲ್ಪ ವಕಾಲತ್ತು ಮಾಡುವವನಿದ್ದೇನೆ. ಅದಕ್ಕೆ ಹಸುವಿನ ಹಾಲು ಬೇಕಾಗಿಯೇ ಇಲ್ಲ. ಕುಡಿದ ರಕ್ತದಿಂದ ತನ್ನ ಮರಿಗಳಿಗೆ ಬೇಕಾದ ಹಾಲನ್ನು ಅದು ತಾನೇ ಕಾಯಿಸಿಕೊಳ್ಳುತ್ತದೆ. ಆ ಹಾಲಿಗೆ ವಿಟೆಲೊಜೆನಿನ್ ಅಂತ ಹೆಸರು. ಅದು ಎಲ್ಲಿ ತಯಾರಾಗುತ್ತದೆ, ಯಾರ ಅಪ್ಪಣೆ ಮೇಲೆ ತಯಾರಾಗುತ್ತದೆ, ಮೊಟ್ಟೆಯ ಒಳಗೆ ಹೇಗೆ ಹೋಗುತ್ತದೆ ಅನ್ನುವುದೇ ಇವತ್ತಿನ ಮಾತು.

ಮಲೆನಾಡಿನವರು ಇದನ್ನು ಉಣುಗು ಅನ್ನುತ್ತೀರಿ. ಬಯಲಿನ ಕಡೆ ಉಣ್ಣೆ, ಉಣ್ಣಿ. ನಾನು ಉಣ್ಣೆ ಅಂತಲೇ ಹೇಳಿಕೊಂಡು ಹೋಗುತ್ತೇನೆ.

ಚಿಕ್ಕವನಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಉಣ್ಣೆ ಕೀಳುವ ಕೆಲಸ ನನ್ನದು. ಕಿವಿಯ ಸಂದಿ, ಬಾಲದ ಬುಡ, ಗಂಗೆದೊಗಲು, ಕೆಚ್ಚಲಿನ ಸುತ್ತ. ಹಸುವೂ ಕತ್ತು ಚಾಚಿಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಕಿತ್ತದ್ದನ್ನು ಸೀಮೆಎಣ್ಣೆ ಹಾಕಿದ ತಗಡಿನ ಡಬ್ಬಕ್ಕೆ ಹಾಕಬೇಕು ಅನ್ನುವುದು ಅಮ್ಮನ ಕಟ್ಟಪ್ಪಣೆ. ಒಂದು ದಿನ ಡಬ್ಬ ಕೈಗೆ ಸಿಗಲಿಲ್ಲ. ಹರಳುಬೀಜದಷ್ಟು ದಪ್ಪಗಾದ ಒಂದು ಉಣ್ಣೆಯನ್ನು ಬೇಲಿಯ ಕಡೆ ಎಸೆದೆ. ಅಮ್ಮ ಬೆನ್ನಿಗೆ ಒಂದು ಕೊಟ್ಟು, "ಅದು ಅಲ್ಲೇ ಮರಿ ಮಾಡ್ತದೆ ಕಣೋ" ಅಂದರು. ನನಗೆ ನಂಬಿಕೆ ಬರಲಿಲ್ಲ. ಹಸುವಿನಿಂದ ಕಿತ್ತ ಮೇಲೆ ಅದರ ಕಥೆ ಮುಗಿಯಿತು ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ, ಅದೂ ಕೆನಡಾದಲ್ಲಿ ನಡೆದ ಕೆಲಸವನ್ನು ಓದಿದಾಗ. ಆ ಕೆಲಸದ ಬಗ್ಗೆ ಆಮೇಲೆ ಹೇಳುತ್ತೇನೆ.

ಹರಳುಬೀಜ ಅಂದೆನಲ್ಲ, ಅದೂ ಸುಮ್ನೆ ಬಂದ ಹೋಲಿಕೆಯಲ್ಲ. ಹರಳು ಗಿಡದ ವೈಜ್ಞಾನಿಕ ಹೆಸರು ರಿಸಿನಸ್. ಲ್ಯಾಟಿನ್‌ನಲ್ಲಿ ರಿಸಿನಸ್ ಅಂದರೆ ಉಣ್ಣೆ. ಬೀಜ ನೋಡಿದರೆ ರಕ್ತ ಕುಡಿದ ಉಣ್ಣೆಯ ಹಾಗೇ ಕಾಣುತ್ತದೆ ಅಂತ ಆ ಹೆಸರು. ಯುರೋಪಿನ ಸಾಮಾನ್ಯ ಉಣ್ಣೆಯ ಹೆಸರು ಇಕ್ಸೋಡಿಸ್ ರಿಸಿನಸ್. ನಮ್ಮ ಹಳ್ಳಿಯವರಿಗೂ ರೋಮಿನವರಿಗೂ ಒಂದೇ ಹೋಲಿಕೆ ಹೊಳೆದಿದೆ!

ಈಗ ವಿಷಯಕ್ಕೆ ಬರೋಣ. ದನಕ್ಕೆ ಹತ್ತುವ ಗಟ್ಟಿ ಉಣ್ಣೆಗಳಲ್ಲಿ ಹೆಣ್ಣು ದೊಡ್ಡದಾದ ಮೇಲೆ ಒಂದೇ ಸಲ ಊಟ ಮಾಡುತ್ತದೆ. ಒಂದೇ ಸಲ ಮೊಟ್ಟೆಯಿಡುತ್ತದೆ. ಆಮೇಲೆ ಸಾಯುತ್ತದೆ. ಆ ಒಂದು ಊಟದಲ್ಲಿ ಅದರ ತೂಕ ಸುಮಾರು 100 ಪಟ್ಟು ಹೆಚ್ಚುತ್ತದೆ. ನಮ್ಮ ದನಗಳ ಮೇಲಿರುವ ರೈಪಿಸೆಫಾಲಸ್ ಮೈಕ್ರೊಪ್ಲಸ್ ಎರಡು ಮೂರು ಸಾವಿರ ಮೊಟ್ಟೆಯಿಡುತ್ತದೆ. ನೆಲಕ್ಕೆ ಬಿದ್ದಾಗ ಅದರ ತೂಕ ಎಷ್ಟಿತ್ತೋ ಅದರ ಅರ್ಧದಷ್ಟು ಮೊಟ್ಟೆಯಾಗಿ ಹೊರಗೆ ಬರುತ್ತದೆ. ಉಳಿದದ್ದು ಒಣಗಿದ ಒಂದು ಚೀಲ, ಅಷ್ಟೇ.

ಇಷ್ಟೊಂದು ಮೊಟ್ಟೆ ಅಂದ ಕೂಡಲೇ ಎಲ್ಲರ ಗಮನ ಅಂಡಾಶಯದ ಕಡೆ ಹೋಗುತ್ತದೆ. ಆದರೆ ನಿಜವಾದ ಕೆಲಸ ನಡೆಯುವುದು ಬೇರೆ ಕಡೆ. ಕೋಳಿಮೊಟ್ಟೆಯನ್ನೇ ನೋಡಿ. ಅದರ ಹಳದಿಯ ಸರಕು ತಯಾರಾಗುವುದು ಕೋಳಿಯ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ. ಅಲ್ಲಿಂದ ರಕ್ತದಲ್ಲಿ ತೇಲಿಕೊಂಡು ಬಂದು ಮೊಟ್ಟೆಯೊಳಗೆ ತುಂಬಿಕೊಳ್ಳುತ್ತದೆ. ಉಣ್ಣೆಯದೂ ಅದೇ ದಾರಿ. ಯಕೃತ್ತಿನ ಜಾಗದಲ್ಲಿ ಅದಕ್ಕೆ ಮೈಯೊಳಗೆಲ್ಲ ಹರಡಿಕೊಂಡಿರುವ ಕೊಬ್ಬಿನ ಅಂಗಾಂಶ ಇದೆ, ಕರುಳೂ ಇದೆ. ಎರಡೂ ಕಡೆ ವಿಟೆಲೊಜೆನಿನ್ ತಯಾರಾಗುತ್ತದೆ. ಅದು ಹೀಮೋಲಿಂಫ್‌ಗೆ ಸೇರುತ್ತದೆ. ಹೀಮೋಲಿಂಫ್ ಅಂದರೆ ಉಣ್ಣೆಯ ರಕ್ತ ಅಂದುಕೊಳ್ಳಿ. ಕುಡಿದ ರಕ್ತ ಬೇರೆ, ಅದರ ಸ್ವಂತ ರಕ್ತ ಬೇರೆ.

ಅಂಡಾಶಯ ಒಂದು ಲಾಳದ ಆಕಾರದ ಕೊಳವೆ. ಅದರ ಹೊರಗೋಡೆಗೆ ಅಂಡಕೋಶಗಳು ಸಣ್ಣ ತೊಟ್ಟಿನ ಮೇಲೆ ದ್ರಾಕ್ಷಿಯ ಹಾಗೆ ಜೋತುಬಿದ್ದಿರುತ್ತವೆ. ಕೆಲವು ಕೀಟಗಳಲ್ಲಿ ಮೊಟ್ಟೆಗೆ ಉಣಿಸುವುದಕ್ಕೆ ಅಂತಲೇ ದಾದಿ ಕೋಶಗಳು ಇರುತ್ತವೆ. ಉಣ್ಣೆಯಲ್ಲಿ ಅವಿಲ್ಲ. ಪ್ರತಿ ಅಂಡಕೋಶವೂ ಹೀಮೋಲಿಂಫ್‌ನಲ್ಲಿ ಮುಳುಗಿಕೊಂಡು ತನ್ನ ಪಾಲನ್ನು ತಾನೇ ಹೀರಿಕೊಳ್ಳಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಬಣ್ಣದಲ್ಲೇ ಗೊತ್ತಾಗುತ್ತದೆ. ಎಳೆಯ ಅಂಡಕೋಶ ಬೆಳ್ಳಗೆ, ಪಾರದರ್ಶಕ. ಸರಕು ತುಂಬಿದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಅಂಡಾಶಯದಲ್ಲಿ ಎರಡೂ ಬಣ್ಣದವು ಅಕ್ಕಪಕ್ಕ ಇರುತ್ತವೆ.

ಆ ಕಂದು ಬಣ್ಣ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ರಕ್ತಕ್ಕೆ ಕೆಂಪು ಕೊಡುವುದು ಹೀಮ್. ಕಬ್ಬಿಣದ ಒಂದು ಪರಮಾಣುವನ್ನು ನಡುವೆ ಕೂರಿಸಿಕೊಂಡ ಪುಟ್ಟ ಉಂಗುರ ಅದು. ಬರೀ ರಕ್ತಕ್ಕೆ ಮಾತ್ರ ಅಲ್ಲ, ಉಸಿರಾಡುವ ಪ್ರತಿ ಜೀವಕೋಶಕ್ಕೂ ಹೀಮ್ ಬೇಕು. ಅದಕ್ಕೇ ಹೆಚ್ಚಿನ ಪ್ರಾಣಿಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಎಂಟು ಹಂತದ ಕೆಲಸ, ಎಂಟು ಕಿಣ್ವ. ಉಣ್ಣೆಗೆ ಇದು ಬರುವುದಿಲ್ಲ. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ದನದ ಉಣ್ಣೆಯಲ್ಲಿ ಇದನ್ನು ತೋರಿಸಿದರು. ಅದರ ಮೊಟ್ಟೆಯಲ್ಲಿರುವ ಹೀಮ್ ಎಲ್ಲವೂ ದನದ ಹಿಮೋಗ್ಲೋಬಿನ್‌ನಿಂದ ಬಂದದ್ದು. ಆಮೇಲೆ ಜೀನ್‌ಗಳನ್ನು ಓದಿ ನೋಡಿದಾಗ ಕಾರಣವೂ ಗೊತ್ತಾಯಿತು. ಆ ಎಂಟು ಕಿಣ್ವಗಳ ಜೀನ್‌ಗಳಲ್ಲಿ ಹೆಚ್ಚಿನವು ಉಣ್ಣೆಯಲ್ಲಿ ಇಲ್ಲವೇ ಇಲ್ಲ. ತಲೆತಲಾಂತರದಿಂದ ಬಿಟ್ಟಿ ಊಟ ಸಿಗುತ್ತಿರುವಾಗ ಒಲೆ ಹಚ್ಚುವವರು ಯಾರು, ಅಲ್ವಾ?

ಇದರ ಮೇಲೆ 2016ರಲ್ಲಿ ಚೆಕ್ ದೇಶದ ಒಂದು ತಂಡ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಅವರು ಉಣ್ಣೆಗಳಿಗೆ ಪ್ರಾಣಿಯ ಬದಲು ತೆಳುವಾದ ಒಂದು ಪೊರೆ ಕೊಟ್ಟರು. ಪೊರೆಯ ಕೆಳಗೆ ರಕ್ತ. ಉಣ್ಣೆ ಪೊರೆಗೆ ಕಚ್ಚಿಕೊಂಡು ಕುಡಿಯುತ್ತದೆ. ಒಂದು ಗುಂಪಿಗೆ ಪೂರ್ತಿ ರಕ್ತ. ಇನ್ನೊಂದು ಗುಂಪಿಗೆ ಕೆಂಪು ಕಣ ತೆಗೆದ ಸೀರಮ್ ಮಾತ್ರ, ಅಂದರೆ ಹಿಮೋಗ್ಲೋಬಿನ್ ಇಲ್ಲದ ಊಟ. ಏನಾಯಿತು ಊಹಿಸಿ. ಸೀರಮ್ ಕುಡಿದವು ಸೊರಗಲಿಲ್ಲ. ಚೆನ್ನಾಗಿಯೇ ಉಬ್ಬಿದವು. ಮೊಟ್ಟೆಯನ್ನೂ ಇಟ್ಟವು. ಆದರೆ ಆ ಮೊಟ್ಟೆಗಳಿಗೆ ಬಣ್ಣವೇ ಇರಲಿಲ್ಲ. ಅವುಗಳಿಂದ ಮರಿಯೂ ಹೊರಬರಲಿಲ್ಲ. ಅದೇ ಸೀರಮ್‌ಗೆ ಸ್ವಲ್ಪ ಹಿಮೋಗ್ಲೋಬಿನ್ ಬೆರೆಸಿ ಕೊಟ್ಟಾಗ ಮರಿಗಳು ಬಂದವು.

ಇದರ ಅರ್ಥ ನೋಡಿ. ಮೊಟ್ಟೆ ಕಟ್ಟುವುದಕ್ಕೆ ಬೇಕಾದ ಪ್ರೋಟೀನ್ ಸೀರಮ್‌ನಲ್ಲೇ ಸಾಕಷ್ಟಿತ್ತು. ರಕ್ತದ ಕೆಂಪು ಬೇಕಾಗಿದ್ದು ಮರಿಗೆ. ಮೊಟ್ಟೆಯ ಒಳಗೆ ಬೆಳೆಯುವ ಮರಿಗೂ ಹೀಮ್ ತಯಾರಿಸಲು ಬರುವುದಿಲ್ಲ. ತಾಯಿ ಬುತ್ತಿ ಕಟ್ಟಿಕೊಡಬೇಕು. ಕಟ್ಟಿಕೊಡುವ ಬುತ್ತಿಯೇ ವಿಟೆಲೊಜೆನಿನ್. ಇದು ಬಹಳ ದೊಡ್ಡ ಪ್ರೋಟೀನ್. ಮೈಮೇಲೆ ಕೊಬ್ಬನ್ನು ಹೊರುತ್ತದೆ, ಸಕ್ಕರೆಯನ್ನು ಹೊರುತ್ತದೆ. ಕೋಳಿಯಲ್ಲೂ ಇಷ್ಟಿದೆ. ಉಣ್ಣೆಯದು ಇವುಗಳ ಜೊತೆಗೆ ಹೀಮನ್ನೂ ಹೊರುತ್ತದೆ. ಮೊಟ್ಟೆಯ ಕಂದು ಬಣ್ಣ ಇದೇ. ನಾನು ಮೊದಲಿಗೆ ಹಾಲು ಅಂದೆನಲ್ಲ, ಅದರಲ್ಲಿ ಹಸುವಿನ ಕೆಂಪು ಹಾಗೇ ಉಳಿದಿರುತ್ತದೆ.

ಇನ್ನೊಂದು ವಿಚಿತ್ರ. ಉಣ್ಣೆಗೆ ಹೀಮನ್ನು ಒಡೆದು ಕಬ್ಬಿಣ ತೆಗೆಯುವುದೂ ಬರುವುದಿಲ್ಲ. ಕಬ್ಬಿಣದ ಗಣಿಯ ಮೇಲೇ ಕೂತಿದ್ದರೂ ಅದಕ್ಕೆ ಬೇಕಾದ ಕಬ್ಬಿಣ ಸಿಗುವುದು ಸೀರಮ್‌ನಲ್ಲಿರುವ ಟ್ರಾನ್ಸ್‌ಫೆರಿನ್ ಅನ್ನುವ ಬೇರೆ ಪ್ರೋಟೀನ್‌ನಿಂದ. ಹೆಚ್ಚಾದ ಹೀಮ್ ವಿಷ. ಅದನ್ನು ಕರುಳಿನ ಕೋಶಗಳೊಳಗೆ ಗಂಟುಕಟ್ಟಿ ಇಡುತ್ತದೆ.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಹೆಣ್ಣು ಉಣ್ಣೆಯ ಊಟದಲ್ಲಿ ಎರಡು ಭಾಗ. ಮೊದಲ ಒಂದು ವಾರ ನಿಧಾನ. ತೂಕ ಸುಮಾರು 10 ಪಟ್ಟು ಆಗುತ್ತದೆ. ಕೊನೆಯ ಒಂದು ದಿನದಲ್ಲಿ ಗಟಗಟ ಕುಡಿದು 100 ಪಟ್ಟು ಆಗುತ್ತದೆ. ನಿನ್ನೆ ಕಣ್ಣಿಗೆ ಬೀಳದ ಉಣ್ಣೆ ಇವತ್ತು ಬೆಳಿಗ್ಗೆ ಹರಳುಬೀಜದಷ್ಟಾಗಿರುವುದು ಇದಕ್ಕೇ. ಕುಡಿದ ರಕ್ತದ ನೀರಿನಂಶವನ್ನು ಬಹುಪಾಲು ಜೊಲ್ಲಿನ ಮೂಲಕ ವಾಪಸ್ ಹಸುವಿನೊಳಗೇ ಉಗುಳುತ್ತದೆ. ಅಂದರೆ ನಮಗೆ ಕಾಣುವುದಕ್ಕಿಂತ ಎಷ್ಟೋ ಜಾಸ್ತಿ ಕುಡಿದಿರುತ್ತದೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ರೂಬೆನ್ ಕಾಫ್‌ಮನ್ ಅನ್ನುವವರು ದಕ್ಷಿಣ ಆಫ್ರಿಕಾದ ಆಂಬ್ಲಿಯೊಮಾ ಹಿಬ್ರೇಯಮ್ ಅನ್ನುವ ಉಣ್ಣೆಯನ್ನು ದಶಕಗಳ ಕಾಲ ಸಾಕಿ ನೋಡಿದರು. ಊಟದ ನಡುವೆಯೇ ಅದನ್ನು ಕಿತ್ತರೆ ಏನಾಗುತ್ತದೆ? ಇದು ಅವರ ಪ್ರಶ್ನೆ. ನನ್ನ ಬಾಲ್ಯದ ಪ್ರಶ್ನೆಯೂ ಅದೇ! ಸುಮಾರು 10 ಪಟ್ಟಿಗಿಂತ ಕಡಿಮೆ ತೂಕದಲ್ಲಿ ಕಿತ್ತರೆ ಉಣ್ಣೆ ಏನೂ ಆಗಿಲ್ಲವೆಂಬಂತೆ ಮತ್ತೆ ಕಚ್ಚಿಕೊಂಡು ಊಟ ಮುಂದುವರಿಸುತ್ತದೆ. ಆ ಗಡಿ ದಾಟಿದ ಮೇಲೆ ಕಿತ್ತರೆ ಮತ್ತೆ ಊಟ ಇಲ್ಲ. ನಾಲ್ಕೇ ದಿನದಲ್ಲಿ ಜೊಲ್ಲಿನ ಗ್ರಂಥಿ ಕರಗಿಹೋಗುತ್ತದೆ. ಅಂಡಾಶಯ ಬೆಳೆಯತೊಡಗುತ್ತದೆ. ಸಿಕ್ಕಿದಷ್ಟು ರಕ್ತದಲ್ಲೇ ಸಣ್ಣ ಕಂತೆಯಾದರೂ ಮೊಟ್ಟೆಯಿಟ್ಟು ಸಾಯುತ್ತದೆ. ಈ ಗಡಿಗೆ ಅವರು ನಿರ್ಣಾಯಕ ತೂಕ ಅಂತ ಹೆಸರಿಟ್ಟರು. ಬೇಲಿಗೆ ಎಸೆದ ನನ್ನ ಉಣ್ಣೆ ಈ ಗಡಿಯನ್ನು ದಾಟಿ ಎಷ್ಟೋ ದೂರ ಹೋಗಿತ್ತು. ಅಮ್ಮನ ಏಟು ನ್ಯಾಯವಾದದ್ದೇ.

ಗಡಿ ದಾಟಿದ್ದು ಉಣ್ಣೆಗೆ ಹೇಗೆ ಗೊತ್ತಾಗುತ್ತದೆ? ಎರಡು ಮೂರು ಕಡೆಯಿಂದ ಸುದ್ದಿ ಬರಬೇಕು. ಒಂದು, ಹೊಟ್ಟೆಗೆ ಬಿದ್ದ ಆಹಾರ. ಅಮೈನೊ ಆಮ್ಲ ಸಾಕಷ್ಟಿದೆ ಅಂತ ಹೇಳುವ ಟಾರ್ ಅನ್ನುವ ವ್ಯವಸ್ಥೆ ನಮ್ಮ ಜೀವಕೋಶಗಳಲ್ಲೂ ಇದೆ, ಉಣ್ಣೆಯಲ್ಲೂ ಇದೆ. ಅದನ್ನು ಅಡಗಿಸಿದರೆ ವಿಟೆಲೊಜೆನಿನ್ ತಯಾರಿ ಕುಸಿಯುತ್ತದೆ. ಎರಡು, ಗಂಡಿನ ಸಂಗ. ಕೂಡದ ಹೆಣ್ಣು ಸಾಮಾನ್ಯವಾಗಿ ಆ 10 ಪಟ್ಟಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಗಟಗಟ ಕುಡಿಯುವ ಹಂತಕ್ಕೆ ಹೋಗುವುದೇ ಇಲ್ಲ. 2004ರಲ್ಲಿ ಕಾಫ್‌ಮನ್ ಮತ್ತು ಬ್ರಯಾನ್ ವೈಸ್ ಗಂಡಿನಿಂದ ಬರುವ ಎರಡು ಪ್ರೋಟೀನ್‌ಗಳನ್ನು ಹುಡುಕಿ, ಎರಡನ್ನೂ ಸೇರಿಸಿ ಕೂಡದ ಹೆಣ್ಣಿಗೆ ಚುಚ್ಚಿದರು. ಅದು ಹೊಟ್ಟೆ ತುಂಬ ಕುಡಿಯಿತು. ಹೊಟ್ಟೆಬಾಕತನದ ಅರ್ಥ ಬರುವ ಹಾಗೆ ಆ ಜೋಡಿಗೆ ವೊರಾಕ್ಸಿನ್ ಅಂತ ಹೆಸರಿಟ್ಟರು. ಬೇರೆ ಒಂದು ಜಾತಿಯ ಉಣ್ಣೆಯಲ್ಲಿ ಪರೀಕ್ಷಿಸಿದಾಗ ಅದೇ ಫಲ ಸಿಗಲಿಲ್ಲ. ಉಣ್ಣೆಗಳೆಲ್ಲ ಒಂದೇ ಅಂದುಕೊಂಡು ಹೋದವರಿಗೆ ಹೀಗೆ ಆಗಾಗ ಪೆಟ್ಟು ಬೀಳುತ್ತದೆ. ಪೂರ್ವ ಏಷ್ಯಾದ ಹಿಮಫೈಸಾಲಿಸ್ ಲಾಂಗಿಕಾರ್ನಿಸ್‌ನ ಒಂದು ತಳಿಗಂತೂ ಗಂಡೇ ಬೇಡ. ಒಂಟಿ ಹೆಣ್ಣು ಪೂರ್ತಿ ಉಬ್ಬಿ ಮೊಟ್ಟೆಯಿಡುತ್ತದೆ. 2017ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕುರಿಯೊಂದರ ಮೇಲೆ ಸಿಕ್ಕಿ ಗಾಬರಿ ಹುಟ್ಟಿಸಿದ್ದು ಇದೇ.

ಮೂರನೆಯದು ಹಾರ್ಮೋನ್. ಇಲ್ಲಿ ವಿಜ್ಞಾನಿಗಳು ಬಹಳ ವರ್ಷ ತಪ್ಪು ದಾರಿಯಲ್ಲಿದ್ದರು. ಜಿರಳೆ, ಮಿಡತೆಗಳಲ್ಲಿ ಮೊಟ್ಟೆ ಕಟ್ಟು ಅಂತ ಅಪ್ಪಣೆ ಕೊಡುವುದು ಜುವೆನೈಲ್ ಹಾರ್ಮೋನ್. ಉಣ್ಣೆಯಲ್ಲೂ ಅದೇ ಇರಬೇಕು ಅಂತ ಹುಡುಕಿದ್ದೇ ಹುಡುಕಿದ್ದು. 2000ದಲ್ಲಿ ಎರಡು ಜಾತಿಯ ಉಣ್ಣೆಗಳಲ್ಲಿ ಚೆನ್ನಾಗಿ ತಡಕಾಡಿದವರು ಅಂಥ ಹಾರ್ಮೋನೇ ಇಲ್ಲ ಅಂತ ವರದಿ ಮಾಡಿದರು. ಉಣ್ಣೆ ಕೀಟವೇ ಅಲ್ಲ, ಜೇಡ ಚೇಳುಗಳ ನೆಂಟ ಅನ್ನುವುದನ್ನು ಎಲ್ಲರೂ ಮರೆತಿದ್ದರೋ ಏನೋ. ಅದರಲ್ಲಿ ಅಪ್ಪಣೆ ಕೊಡುವುದು 20-ಹೈಡ್ರಾಕ್ಸಿ ಎಕ್ಡೈಸೋನ್. ಮರಿಯಿದ್ದಾಗ ಪೊರೆ ಕಳಚಿಸುವ ಹಾರ್ಮೋನ್ ಇದೇ. ದೊಡ್ಡದಾದ ಮೇಲೆ ಪೊರೆ ಕಳಚುವ ಕೆಲಸ ಇಲ್ಲ. ಆಗ ಅದೇ ಹಾರ್ಮೋನ್ ಒಂದು ಕಡೆ ಜೊಲ್ಲಿನ ಗ್ರಂಥಿಯನ್ನು ಮುಚ್ಚಿಸುತ್ತದೆ, ಇನ್ನೊಂದು ಕಡೆ ಕೊಬ್ಬಿನ ಅಂಗಾಂಶದಲ್ಲಿ ವಿಟೆಲೊಜೆನಿನ್ ಜೀನನ್ನು ಎಬ್ಬಿಸುತ್ತದೆ. ಊಟದ ಅಂಗಡಿ ಮುಚ್ಚುವುದೂ ಹಾಲಿನ ಒಲೆ ಹಚ್ಚುವುದೂ ಒಂದೇ ಕೈ.

ಹಾಗಾದರೆ ಸರಿಯಾಗಿ ಊಟ ಮಾಡದ ಉಣ್ಣೆಗೆ ಈ ಹಾರ್ಮೋನ್ ಚುಚ್ಚಿದರೆ ಮೊಟ್ಟೆ ಆಗಬೇಕಲ್ಲ? ಕಾಫ್‌ಮನ್ ಅವರ ಉಣ್ಣೆಯಲ್ಲಿ ಅದನ್ನೂ ನೋಡಿದರು. ವಿಟೆಲೊಜೆನಿನ್ ತಯಾರಾಯಿತು, ಹೀಮೋಲಿಂಫ್‌ನಲ್ಲಿ ತುಂಬಿಕೊಂಡಿತು. ಆದರೆ ಅಂಡಕೋಶಗಳು ಅದನ್ನು ಮುಟ್ಟಲಿಲ್ಲ. ಹಾಲು ಸೊರೆಬಿಟ್ಟಿದೆ, ಕರು ಬಾಯಿ ತೆರೆಯುತ್ತಿಲ್ಲ. ತಯಾರಿಯ ಅಪ್ಪಣೆ ಬೇರೆ, ಬಾಗಿಲು ತೆಗೆಯುವ ಅಪ್ಪಣೆ ಬೇರೆ ಅಂತಾಯಿತು.

ಆ ಬಾಗಿಲು ಯಾವುದು? ಅಂಡಕೋಶದ ಹೊರಮೈಯಲ್ಲಿ ಕೂತಿರುವ ವಿಟೆಲೊಜೆನಿನ್ ರಿಸೆಪ್ಟರ್. ಅದು ಹೀಮೋಲಿಂಫ್‌ನಲ್ಲಿ ತೇಲಿ ಬರುವ ವಿಟೆಲೊಜೆನಿನ್ನನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದರ ಹೆಸರು ವಿಟೆಲಿನ್. ಇಲ್ಲಿ ನಿಮಗೂ ಗೊತ್ತಿರುವ ಒಬ್ಬ ನೆಂಟ ಸಿಗುತ್ತಾನೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್‌ಡಿಎಲ್ ಅಂತ ಬರೆದಿರುತ್ತಾರಲ್ಲ, ಆ ಕೊಬ್ಬಿನ ಕಣವನ್ನು ನಮ್ಮ ಯಕೃತ್ತು ಹಿಡಿದುಕೊಳ್ಳುವ ರಿಸೆಪ್ಟರ್ ಕೂಡ ಇದೇ ಮನೆತನದ್ದು.

2007ರಲ್ಲಿ ಅಮೆರಿಕದ ಡರ್ಮಸೆಂಟರ್ ವೇರಿಯಾಬಿಲಿಸ್ ಅನ್ನುವ ನಾಯಿ ಉಣ್ಣೆಯಲ್ಲಿ ಈ ರಿಸೆಪ್ಟರ್‌ನ ಜೀನನ್ನು ಪೂರ್ತಿ ಓದಿದರು. ಆಮೇಲೆ ಅದನ್ನು ಅಡಗಿಸಿದರು. ಜೀನ್‌ಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಉಣ್ಣೆಗೆ ಚುಚ್ಚಿದರೆ ಸಾಕು, ಆ ಜೀನ್‌ನ ಸಂದೇಶ ನಾಶವಾಗುತ್ತದೆ. ಫಲ ಕಣ್ಣಿಗೇ ಕಾಣುತ್ತಿತ್ತು. ಅಂಡಕೋಶಗಳು ಬೆಳ್ಳಗೇ ಉಳಿದವು. ಹೀಮೋಲಿಂಫ್‌ನಲ್ಲಿ ವಿಟೆಲೊಜೆನಿನ್ ರಾಶಿಯಾಗಿ ನಿಂತುಬಿಟ್ಟಿತು. ಕೋಳಿಗಳಲ್ಲಿ ಹುಟ್ಟಿನಿಂದಲೇ ಇಂಥ ತೊಂದರೆಯಿರುವ ಒಂದು ತಳಿ ಇದೆ. ರಿಸೆಪ್ಟರ್ ಕೆಟ್ಟಿರುವುದರಿಂದ ಅವು ಮೊಟ್ಟೆಯಿಡುವುದೇ ಅಪರೂಪ, ರಕ್ತದ ತುಂಬ ಕೊಬ್ಬು.

ಮೊಟ್ಟೆಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಕ್ಕೆ ಒಂದು ಹಳೆಯ ಕಾರಣವಿದೆ. ಅಮೆರಿಕದಲ್ಲಿ ದಕ್ಷಿಣದ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದರೆ, ಅವು ನಡೆದ ದಾರಿಯಲ್ಲಿ ಮೇಯ್ದ ಉತ್ತರದ ದನಗಳು ಜ್ವರ ಬಂದು ಸಾಯುತ್ತಿದ್ದವು. ದಕ್ಷಿಣದ ದನಗಳಿಗೆ ಏನೂ ಇಲ್ಲ. ಉಣ್ಣೆಯದೇ ಕಿತಾಪತಿ ಅಂತ ದನ ಸಾಕುವವರು ಹೇಳುತ್ತಿದ್ದರು. ಓದಿದವರು ನಗುತ್ತಿದ್ದರು. ಥಿಯೊಬಾಲ್ಡ್ ಸ್ಮಿತ್ ಮತ್ತು ಫ್ರೆಡ್ರಿಕ್ ಕಿಲ್ಬೋರ್ನ್ 1893ರಲ್ಲಿ ಪ್ರಕಟಿಸಿದ ವರದಿ ದನ ಸಾಕುವವರ ಮಾತೇ ನಿಜ ಅಂತ ತೋರಿಸಿತು. ಹುಳು ಹುಪ್ಪಟೆ ರೋಗ ಹರಡಬಲ್ಲದು ಅನ್ನುವುದಕ್ಕೆ ಸೊಳ್ಳೆ ಮಲೇರಿಯಾ ಕಥೆಗೂ ಮೊದಲೇ ಸಿಕ್ಕಿದ ಪುರಾವೆ ಅದು. ಅದರಲ್ಲಿ ಎಲ್ಲಕ್ಕಿಂತ ಬೆರಗಿನ ಸಂಗತಿ ಬೇರೆ. ಆ ಉಣ್ಣೆ ಮರಿಯಿಂದ ಮುದಿತನದವರೆಗೆ ಒಂದೇ ದನದ ಮೇಲೆ ಬದುಕುತ್ತದೆ. ಇನ್ನೊಂದು ದನಕ್ಕೆ ಹೋಗುವುದೇ ಇಲ್ಲ. ಹಾಗಾದರೆ ರೋಗ ಹೇಗೆ ದಾಟಿತು? ಸ್ಮಿತ್ ಮೊಟ್ಟೆಗಳನ್ನು ಬೇರೆಯಾಗಿ ಮರಿ ಮಾಡಿಸಿ, ಆ ಮರಿಗಳನ್ನು ಆರೋಗ್ಯವಾಗಿದ್ದ ಆಕಳ ಮೇಲೆ ಬಿಟ್ಟರು. ಆಕಳಿಗೆ ಜ್ವರ ಬಂತು. ರೋಗ ಮೊಟ್ಟೆಯ ಒಳಗಿಂದಲೇ ಬಂದಿತ್ತು. ಆ ರೋಗಾಣು ಬಬೇಸಿಯಾ. ನಮ್ಮ ದನಗಳಿಗೂ ಇದು ಬರುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಬಬೇಸಿಯಾ ಮೊಟ್ಟೆಯೊಳಗೆ ನುಗ್ಗುವುದು ಹೇಗೆ ಅನ್ನುವ ಪ್ರಶ್ನೆಗೆ 2008ರಲ್ಲಿ ಜಪಾನಿನಲ್ಲಿ ಒಂದು ಸುಳಿವು ಸಿಕ್ಕಿತು. ಆಗಲೇ ಹೇಳಿದ ಹಿಮಫೈಸಾಲಿಸ್ ಲಾಂಗಿಕಾರ್ನಿಸ್‌ನಲ್ಲಿ ವಿಟೆಲೊಜೆನಿನ್ ರಿಸೆಪ್ಟರನ್ನು ಅಡಗಿಸಿ, ನಾಯಿಗಳಿಗೆ ಬರುವ ಬಬೇಸಿಯಾ ಗಿಬ್ಸೋನಿ ಇರುವ ರಕ್ತ ಕುಡಿಸಿದರು. ಮೊಟ್ಟೆಗಳಲ್ಲಿ ಬಬೇಸಿಯಾದ ಗುರುತೇ ಸಿಗಲಿಲ್ಲ. ಅದು ರಿಸೆಪ್ಟರನ್ನೇ ಹಿಡಿದುಕೊಂಡು ಒಳಹೋಗುತ್ತದೋ, ಅಥವಾ ಸರಿಯಾಗಿ ತುಂಬದ ಮೊಟ್ಟೆ ಅದಕ್ಕೆ ಒಗ್ಗುವುದಿಲ್ಲವೋ, ಇದೊಂದೇ ಪ್ರಯೋಗದಿಂದ ಹೇಳಲು ಬರುವುದಿಲ್ಲ. ಆದರೆ ಹಾಲಿನ ಬಾಗಿಲು ಮುಚ್ಚಿದಾಗ ಕಳ್ಳನೂ ಹೊರಗೇ ಉಳಿದ.

ಮಂಗನ ಕಾಯಿಲೆಯ ಬಗ್ಗೆ ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ಸನ್ನು ಹೆಚ್ಚಾಗಿ ಹೊತ್ತು ತಿರುಗುವುದು ಹಿಮಫೈಸಾಲಿಸ್ ಸ್ಪಿನಿಜೆರಾ. ಮನುಷ್ಯರಿಗೆ ಕಚ್ಚುವುದು ಅದರ ಎಳೆಯ ಹಂತದವು. ಎಳೆಯವು ಇಲಿ, ಅಳಿಲು, ಮಂಗಗಳ ಮೇಲೆ ಇರುತ್ತವೆ. ಬೆಳೆದ ಹೆಣ್ಣು ಕೂರುವುದು ದೊಡ್ಡ ಪ್ರಾಣಿಗಳ ಮೇಲೆ, ಅದರಲ್ಲೂ ಕಾಡಿನ ಅಂಚಿನಲ್ಲಿ ಮೇಯುವ ದನಗಳ ಮೇಲೆ. ಅಂದರೆ ಮುಂದಿನ ವರ್ಷ ಕಾಡಿನಲ್ಲಿ ಓಡಾಡುವ ಉಣುಗಿನ ಮೊಟ್ಟೆ ಕಟ್ಟುವುದು ನಮ್ಮ ಹಟ್ಟಿಯ ದನದ ರಕ್ತದಲ್ಲಿ.

ಮೊಟ್ಟೆಯ ದಾರಿಯನ್ನೇ ಅಡ್ಡಗಟ್ಟುವ ಪ್ರಯತ್ನಗಳು ನಡೆದಿವೆ. 1990ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಕ್ಯೂಬಾದಲ್ಲಿ ಬಂದ ಬಿಎಂ86 ಲಸಿಕೆ ಉಣ್ಣೆಯ ಕರುಳಿಗೆ ಹೊಡೆಯುತ್ತದೆ. ದನದ ರಕ್ತದಲ್ಲಿರುವ ಪ್ರತಿಕಾಯಗಳೇ ಉಣ್ಣೆಯ ಹೊಟ್ಟೆ ಸೇರಿ ಕೆಡಿಸುತ್ತವೆ. ಉಣ್ಣೆ ಕೂಡಲೇ ಸಾಯುವುದಿಲ್ಲ, ಇಡುವ ಮೊಟ್ಟೆ ಕಡಿಮೆಯಾಗುತ್ತದೆ. ವಿಟೆಲಿನ್‌ನಿಂದಲೇ ಕುರಿಗಳಿಗೆ ಲಸಿಕೆ ಹಾಕಿ ನೋಡಿದ್ದೂ ಇದೆ. ಅಲ್ಲೂ ಮೊಟ್ಟೆ ಇಳಿದವು. ಆದರೆ ಮಾರುಕಟ್ಟೆಗೆ ಬರುವಷ್ಟು ದೂರ ಅದು ಸಾಗಲಿಲ್ಲ.

ಈಗಿನ ದಾರಿ ಜೀನ್ ತಿದ್ದುವುದು. ಸೊಳ್ಳೆಯಲ್ಲಿ ಇದು ಮಾಮೂಲಾಗಿ ಹೋಗಿದೆ. ಉಣ್ಣೆಯಲ್ಲಿ 2022ರವರೆಗೆ ಯಾರಿಗೂ ಆಗಿರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಮೇಣ! ಹೆಣ್ಣು ಉಣ್ಣೆಯ ತಲೆಯ ಹತ್ತಿರ ಜಿನೆ ಅಂಗ ಅಂತ ಒಂದಿದೆ. ಮೊಟ್ಟೆಯಿಡುವಾಗ ಅದು ಕೈಚೀಲದ ಹಾಗೆ ಹೊರಗೆ ಉಬ್ಬಿ ಬಂದು ಒಂದೊಂದೇ ಮೊಟ್ಟೆಯನ್ನು ಹಿಡಿದು ಮೇಣ ಬಳಿಯುತ್ತದೆ. ಮೇಣವಿಲ್ಲದ ಮೊಟ್ಟೆ ಒಣಗಿ ಸಾಯುತ್ತದೆ. ಮೇಣದ ಕೆಳಗೆ ಗಟ್ಟಿ ಚಿಪ್ಪು. ಚಿಪ್ಪಿನೊಳಗೆ ಎಷ್ಟು ಒತ್ತಡವೆಂದರೆ ಸೂಜಿ ಚುಚ್ಚಿದರೆ ಒಳಗಿನದೆಲ್ಲ ಚಿಮ್ಮಿ ಹೊರಗೆ ಬರುತ್ತದೆ.

ಅಮೆರಿಕದ ನೆವಾಡ ವಿಶ್ವವಿದ್ಯಾಲಯದ ಮೋನಿಕಾ ಗುಲಿಯಾ-ನಸ್ ಅವರ ತಂಡ ಎರಡು ದಾರಿ ಹಿಡಿಯಿತು. ಒಂದರಲ್ಲಿ ಮೊದಲೇ ಜಿನೆ ಅಂಗವನ್ನು ತೆಗೆದು, ಮೇಣವಿಲ್ಲದ ಮೊಟ್ಟೆ ಇಡಿಸಿ, ರಾಸಾಯನಿಕದಿಂದ ಚಿಪ್ಪನ್ನು ಮೆತ್ತಗೆ ಮಾಡಿ ಚುಚ್ಚಿದರು. ಇನ್ನೊಂದರಲ್ಲಿ ಮೊಟ್ಟೆಗೆ ಸೂಜಿಯನ್ನೇ ತಾಗಿಸಲಿಲ್ಲ. ಜೀನ್ ಕತ್ತರಿಸುವ ಕ್ಯಾಸ್9 ಪ್ರೋಟೀನ್‌ಗೆ ಹಣ್ಣುನೊಣದ ಮೊಟ್ಟೆಯ ಹಳದಿಯಿಂದ ತೆಗೆದ ಒಂದು ಸಣ್ಣ ತುಂಡನ್ನು ಅಂಟಿಸಿ ತಾಯಿಯ ಮೈಗೆ ಚುಚ್ಚಿದರು. ಅಂಡಕೋಶಗಳು ಅದನ್ನೂ ತಮ್ಮ ಹಾಲೇ ಅಂದುಕೊಂಡು ಒಳಕ್ಕೆ ಎಳೆದುಕೊಂಡವು.